ಟೆರಿ ಅಂಗಡಿಯ ಬೋರ್ಡು

ನನ್ನ ಗಂಡ ಪದ್ಮನಾಭನಂಥ ಬುದ್ಧಿವಂತರು ಮೈಸೂರಿನಲ್ಲಿ ಹುಟ್ಟಿದ್ದೇ ಕಮ್ಮಿ ಅಂತ ಅವರೇ ಹೇಳ್ತಾರೆ. ಮೀನು ಕಂಡರೆ ಮೂಗು ಮುಚ್ಚಿಕೊಳ್ಳೋ ಈ ಮನುಷ್ಯ 2014ರಲ್ಲಿ ಇಂಜಿನಿಯರ್ ಕೆಲಸ ಬಿಟ್ಟು ನಾವಿರೋ ಈ ಪರದೇಶದ ಜಾನ್ಸನ್‌ವಿಲ್ ಅನ್ನೋ ಊರಲ್ಲಿ ಮೀನು-ಚಿಪ್ಸ್ ಅಂಗಡಿ ಕೊಂಡರು. ನಾನೂ ವೃದ್ಧಾಶ್ರಮದ ಕೆಲಸ ಬಿಟ್ಟೆ. ಮತ್ತೆ ಅಲ್ಲಿಗೆ ಹೋಗೋ ಗತಿ ಬರಬಾರದು ಅನ್ನೋದೊಂದೇ ನನ್ನ ಆಸೆ.

ಮಾರಿದವರು ಚೀನಾದಿಂದ ಬಂದ ಚೆನ್, ಅವನ ಹೆಂಡತಿ ಮೇ. ಬೋರ್ಡಿನ ಮೇಲೆ 'ಟೆರೀಸ್' ಅಂತಿತ್ತು. ಟೆರಿ ಅನ್ನೋ ಇಲ್ಲಿಯವನು ಅವರಿಗೆ ಅಂಗಡಿ ಮಾರಿ ಎಷ್ಟೋ ವರ್ಷ ಆಗಿತ್ತು. ಅವರು ಬೋರ್ಡನ್ನೂ ಬದಲಾಯಿಸಲಿಲ್ಲ, ಮೆನುವನ್ನೂ ಮುಟ್ಟಲಿಲ್ಲ. ಗಿರಾಕಿ "ಹಾಯ್ ಟೆರಿ" ಅಂದರೆ ಚೆನ್ ಸುಮ್ಮನೆ "ಹಾಯ್" ಅಂತಿದ್ದ. "ಸ್ವಂತ ಹೆಸರು ಹೇಳೋಕೂ ಧೈರ್ಯ ಇಲ್ಲದ ಜನ" ಅಂತ ನಮ್ಮವರು ಕಾರಲ್ಲಿ ನಕ್ಕಿದ್ದೇ ನಕ್ಕಿದ್ದು.

ಅಂಗಡಿ ಕೈ ಬದಲಾದಾಗ ಹಳಬರು ಎರಡು ವಾರ ಜೊತೆಗೆ ನಿಂತು ಕಲಿಸೋದು ಈ ಕಸುಬಿನವರ ಪದ್ಧತಿ. ಮೇ ಏಪ್ರನ್ ಕಟ್ಟಿಕೊಂಡೇ ಬಂದಳು. "ಆಲೂಗಡ್ಡೆ ಕರಿಯೋಕೆ ಟ್ಯೂಷನ್ ಬೇಕಾ ನನಗೆ" ಅಂತ ಇವರು ಬಾಗಿಲಿಂದಲೇ ವಾಪಸ್ ಕಳಿಸಿದರು. ಅವಳು ನನಗೆ ಫೋನ್ ನಂಬರ್ ಕೊಟ್ಟು ಹೋದಳು.

ಆಮೇಲೆ ಶುರುವಾಯ್ತು ಇವರ ಕ್ರಾಂತಿ. ಬೋರ್ಡು ಗ್ಯಾರೇಜಿಗೆ, ಮೀನು ಕಸಕ್ಕೆ. ಹೊಸ ಹೆಸರು 'ಪದ್ಮಾಸ್ ಫ್ಯೂಷನ್'. ಶುಕ್ರವಾರ ಸಂಜೆ ರೈಲಿಳಿದು ಹಸಿದು ಬಂದವರಿಗೆ ಇಡ್ಲಿಯ ಮಹಿಮೆ ಕುರಿತು ಭಾಷಣ. ಪಾಪ, ಅವರು ಥ್ಯಾಂಕ್ಸ್ ಹೇಳಿ ಎದುರಿನ ಪಿಜ್ಜಾ ಅಂಗಡಿಗೆ ಹೋಗ್ತಿದ್ದರು. "ಈ ಊರಿಗೆ ನಾಲಿಗೇನೇ ಇಲ್ಲ" ಅಂತ ಇವರು ಗಲ್ಲಾದಲ್ಲಿ ಕೂತು ಫೋನ್ ಉಜ್ಜುತ್ತಿದ್ದರು. ಉಳಿದ ಇಡ್ಲಿ ಮೂರು ಹೊತ್ತೂ ನಾವೇ ತಿಂದೆವು. ನನಗೆ ಮೈಯೆಲ್ಲ ಉರೀತಿತ್ತು.

ಚಳಿಗಾಲ ಬರುವಷ್ಟರಲ್ಲಿ ಅಂಗಡಿ ಖಾಲಿ ಹೊಡೀತಿತ್ತು. "ಮುಚ್ಚಿಬಿಡೋಣ. ಹಳೇ ಆಫೀಸಲ್ಲಿ ನನ್ನನ್ನ ಕರೀತಿದ್ದಾರೆ. ನೀನೂ ವೃದ್ಧಾಶ್ರಮದಲ್ಲಿ ಕೇಳು" ಅಂದರು. ಎಷ್ಟು ಸಲೀಸು ನೋಡಿ. ಮುಳುಗಿಸಿದ್ದು ಇವರು, ಕೇಳೋಕೆ ಹೋಗಬೇಕಾದ್ದು ನಾನು.

"ನೀವು ಹೋಗಿ" ಅಂದೆ.

ಮೇಗೆ ಫೋನ್ ಮಾಡಿದೆ. ಅವಳು ಮಾರನೇ ದಿನವೇ ಅದೇ ಏಪ್ರನ್ ಕಟ್ಟಿಕೊಂಡು ಬಂದಳು. ಇಬ್ಬರೂ ಸೇರಿ ಗ್ಯಾರೇಜಿನ ಬೋರ್ಡು ತೊಳೆದು ಮೇಲೇರಿಸಿದೆವು. ಜನ್ಮದಲ್ಲಿ ಮೀನು ಮುಟ್ಟಿದವಳಲ್ಲ ನಾನು. ಆದರೂ ಮುಟ್ಟಿದೆ.

ಕೆಲವು ವಾರ ಕಳೆದ ಮೇಲೆ ಒಂದು ಶುಕ್ರವಾರ ಬಾಗಿಲಾಚೆವರೆಗೂ ಸಾಲಿತ್ತು. ಆಫೀಸಿನಿಂದ ಬಂದ ಪದ್ಮನಾಭ ಎಲ್ಲರನ್ನೂ ದಾಟಿ ಬಂದು, ಮೂಗಿಗೆ ಕರ್ಚೀಫ್ ಹಿಡಿದು, "ಲೀಲಾ, ಹಸಿವು. ಮನೇಲಿ ಏನೂ ಇಲ್ಲ" ಅಂದರು. ಅವರ ಹಿಂದಿದ್ದ ಮುದುಕ ಇಣುಕಿ ನನ್ನ ನೋಡಿ, "ಹಾಯ್ ಟೆರಿ" ಅಂದ.

"ಹಾಯ್" ಅಂದೆ. ಗಂಡನಿಗೆ, "ಸಾಲಲ್ಲಿ ನಿಂತ್ಕೊಳ್ಳಿ" ಅಂದೆ.