ನಾನೂರ ಹನ್ನೆರಡು ಆಮೆಗಳು

ಆ ಗುಡ್ಡದ ಆಮೆಗಳೆಲ್ಲ ಎಣಿಕೆಯವನ ಹೆಜ್ಜೆ ಸಪ್ಪಳ ಕೇಳಿದರೆ ಸಾಕು, ಕತ್ತು ಹೊರಗೆ ಚಾಚಿ ಸಾಲಾಗಿ ನಿಂತು ಕ್ಷೇಮಸಮಾಚಾರ ವಿಚಾರಿಸುತ್ತಿದ್ದವು. ಇದಕ್ಕೆ ಸಾಕ್ಷಿ ಅವನೊಬ್ಬನೇ.

ಬ್ಯಾಟರಿಗೆ ಬೇಕಾದ ಲಿಥಿಯಂಗಾಗಿ ಗುಡ್ಡ ಅಗೆಯುವ ಮೊದಲು ಅಲ್ಲಿನ ಆಮೆಗಳನ್ನು ಎಣಿಸುವುದು ಅವನ ಕೆಲಸ. ಒಂದು ಚಿಪ್ಪಿನ ಗೆರೆ ಇನ್ನೊಂದಕ್ಕೆ ಇರುವುದಿಲ್ಲವಾದ್ದರಿಂದ ಆಮೆಗೊಂದು ಹಾಳೆಯಂತೆ ಗೆರೆಗಳನ್ನು ಬರೆದುಕೊಳ್ಳಬೇಕು.

"ಎಷ್ಟಿವೆ ಸಾರ್?" ಎಂದು ಗಣಿಯ ಮ್ಯಾನೇಜರ್ ತಗಡಿನ ಕಚೇರಿಯಲ್ಲಿ ಕೇಳಿದಾಗ ಅವನಿಗೆ ಗುಡ್ಡದ ಮೇಲೆ ಪ್ರೀತಿ ಉಕ್ಕಿತು.

"ನಾನೂರ ಹನ್ನೆರಡು! ಕಾಲಿಡೋಕೆ ಜಾಗ ಇಲ್ಲ. ಬಂಡೆ ಅಂದ್ಕೊಂಡು ಎರಡು ಸಲ ಆಮೆ ಮೇಲೇ ಕೂತು ಊಟ ಮಾಡಿದೀನಿ."

ಇಷ್ಟೊಂದು ಜೀವ ಇರುವ ಕಡೆ ಯಾವ ಕಲ್ಲೆದೆಯವನು ಯಂತ್ರ ಹತ್ತಿಸುತ್ತಾನೆ ಎಂಬುದು ಅವನ ಲೆಕ್ಕಾಚಾರ. ಮ್ಯಾನೇಜರ್ ಮುಖ ಅರಳಿತು. ವರದಿಗೆ ಸಹಿ ಹಾಕಿಸಿಕೊಂಡು ಟೀ ಬೇರೆ ತರಿಸಿಕೊಟ್ಟ.

ಮರುದಿನ ಬೆಳಿಗ್ಗೆ, ಎಣಿಕೆಯವನ ಮಗಳು, ಅದೇ ಕಚೇರಿಯಲ್ಲಿ ಟೈಪ್ ಮಾಡುವವಳು, ಅಡುಗೆಮನೆ ಬಾಗಿಲಲ್ಲಿ ನಿಂತಳು.

"ಅಪ್ಪಾ, ಪರವಾನಗಿ ಷರತ್ತು ಓದಿದ್ಯಾ?"

"ನಾನ್ಯಾಕೆ ಓದ್ಲಿ? ಬರೆದೋರೇ ನನ್ನ ಕೇಳಿ ಬರೆದಿದ್ದು."

"ಐವತ್ತಕ್ಕಿಂತ ಕಡಿಮೆ ಇದ್ರೆ ಅಪರೂಪದ ಪ್ರಾಣಿ, ಗುಡ್ಡ ಮುಟ್ಟೋ ಹಾಗಿಲ್ಲ. ಜಾಸ್ತಿ ಇದ್ರೆ, ಬೇಕಾದಷ್ಟಿವೆ, ಅಗೀಬಹುದು."

ಬಾಯಿಯ ಹತ್ತಿರ ಹೋಗಿದ್ದ ಲೋಟ ಅಲ್ಲೇ ನಿಂತಿತು.

"ಹಾಳೆಗಳನ್ನ ಕೊಡು. ವರದಿಗೆ ಲಗತ್ತಿಸಬೇಕು."

"ಗಾಳಿಗೆ ಹಾರಿಹೋದ್ವಮ್ಮಾ. ಅಂತಿಂಥ ಗಾಳಿಯಲ್ಲ, ಜೀಪೇ ಎದ್ದು..."

"ಅಪ್ಪಾ!"

ಅವಳೇ ಅವನ ಚೀಲಕ್ಕೆ ಕೈಹಾಕಿ, ಸಿಕ್ಕ ಹಾಳೆಗಳನ್ನು ಮೇಜಿನ ಮೇಲೆ ಒಂದೊಂದಾಗಿ ಇಟ್ಟಳು. ಹನ್ನೊಂದು ಹಾಳೆಗೆ ಮುಗಿಯಿತು. ಅವನ್ನು ಜೋಡಿಸಿ ಅವನ ಕೈಗೇ ಇಟ್ಟಳು. ಅದನ್ನೇ ಅವನಿಗೆ ತಡೆಯಲಾಗಲಿಲ್ಲ.

ಹಾಳೆ ಹಿಡಿದು ಕಚೇರಿಗೆ ಓಡಿದ. ಮೈಮೇಲೆ ಹಸಿರು ಎಲೆಯ ಚಿತ್ರ ಬರೆದಿದ್ದ ಯಂತ್ರಗಳು ಆಗಲೇ ಗುಡ್ಡ ಹತ್ತುತ್ತಿದ್ದವು.

"ನಿಲ್ಸಿ ಸಾರ್! ಇರೋದು ಹನ್ನೊಂದೇ!"

ಮ್ಯಾನೇಜರ್ ಹೊಟ್ಟೆ ಹಿಡಿದುಕೊಂಡು ನಕ್ಕ. "ನಿನ್ನೆ ನಾನೂರು, ಇವತ್ತು ಹನ್ನೊಂದಾ? ಬುರುಡೆ ಬಿಡೋದ್ರಲ್ಲಿ ನಿಮ್ಮನ್ನ ಮೀರಿಸೋರಿಲ್ಲ ಬಿಡಿ. ಸಹಿ ನಿಮ್ಮದೇ ತಾನೇ? ಊರಿಗೆಲ್ಲ ಹೊಗೆ ಇಲ್ಲದ ಬ್ಯಾಟರಿ ಬಸ್ಸು ಬೇಡ್ವಾ?"

ಬೇಕು. ಅವನಿಗೂ ಬೇಕಿತ್ತು. ಹಿಂದೆಯೇ ಬಂದು ಬಾಗಿಲಲ್ಲಿ ನಿಂತಿದ್ದ ಮಗಳು ಅವನನ್ನೇ ನೋಡುತ್ತಿದ್ದಳು.

"ಹನ್ನೊಂದೂ ಸುಳ್ಳು ಸಾರ್," ಎಂದ. ದನಿ ಅವನದೇ ಅನ್ನಿಸುವಂತಿರಲಿಲ್ಲ. "ಅದರಲ್ಲಿ ಒಂದು ಖಾಲಿ ಚಿಪ್ಪು. ಹತ್ತೇ ಇರೋದು."