ಬಾಗಿಲೊಳಗಿನ ಕಪ್ಪು

ಮ್ಯಾಟ್ ಹಾಳೆಗಳ ಮೇಲಿನ ನಾರನ್ನು ಮೆತ್ತನೆಯ ಕುಂಚದಿಂದ ಗುಡಿಸುತ್ತ ಕೂತಿದ್ದೆ. ಹೊಳಪಿಲ್ಲದ ಈ ಹಾಳೆಗಳದ್ದು ಹತ್ತಿಯ ಗುಣ. ಒಂದು ಎಳೆ ಅಂಟಿಕೊಂಡಿದ್ದರೂ ಶಾಯಿ ಅದರ ಮೇಲೆ ಬೀಳುತ್ತದೆ. ಆಮೇಲೆ ಎಳೆ ಉದುರಿ, ಕಪ್ಪಿನ ನಡುವೆ ಬಿಳಿ ಚುಕ್ಕೆ ಉಳಿಯುತ್ತದೆ. ಬೆಳಗಿನ ಬಿಸಿಲು ಮುದ್ರಣದ ಕೋಣೆಯ ನೆಲದ ಮೇಲೆ ಬೆಕ್ಕಿನಂತೆ ಮೈಚಾಚಿತ್ತು.

ಪಕ್ಕದ ಕೋಣೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ನನ್ನ ಮೈದುನ ಇಣುಕಿದ.

"ಅತ್ತಿಗೆ, ಇವತ್ತೂ ಅದೇ ಬಾಗಿಲಾ?"

"ಅದೇ ಕಣೋ."

"ನಿಮ್ಮ ಕಣ್ಣಿಗೆ ಕಾಗೇನೂ ಬೂದಿ ಬಣ್ಣ. ಸುಮ್ನೆ 'ನೀನಿದ್ದೆ' ಅಂತ ಬರೆದು ಹಾಕ್ಬಾರ್ದಾ? ನಿಮ್ಮಕ್ಕ ಖುಷಿ ಪಡ್ತಾರೆ."

"ಸುಳ್ಳು ಬರೆದ್ರೆ ಅಕ್ಷರ ನೋಡೇ ಹಿಡೀತಾಳೆ ಅವಳು."

ನಮ್ಮಮ್ಮನದು ಉಳಿದಿರುವುದು ಒಂದೇ ಚಿತ್ರ. ಮನೆಯ ಬಾಗಿಲಲ್ಲಿ ನಿಂತಿದ್ದಾಳೆ; ಹೆಗಲ ಮೇಲೆ ಶಾಲು, ಬೆನ್ನ ಹಿಂದೆ ಕತ್ತಲು. ಆಗ ನಾನಿನ್ನೂ ಹುಟ್ಟಿರಲಿಲ್ಲ. ಅಕ್ಕನನ್ನು ಮಕ್ಕಳಿಲ್ಲದ ಚಿಕ್ಕಮ್ಮ ಸಾಕಿಕೊಂಡಳು. ತೊಟ್ಟಿಲಲ್ಲಿದ್ದಾಗಲೇ ಕೊಟ್ಟೆವೆಂದು ಹಿರಿಯರೆಲ್ಲ ಒಂದೇ ಬಾಯಲ್ಲಿ ಹೇಳುತ್ತಿದ್ದರು. ಅಕ್ಕನ ನೆನಪು ಮಾತ್ರ ಬೇರೆ: ಆ ಚಿತ್ರ ತೆಗೆಯುವಾಗ ತಾನು ಅಮ್ಮನ ಹಿಂದೆ ಅಡಗಿ ನಿಂತಿದ್ದೆನೆಂದು. 'ನಿಲ್ಲುವಷ್ಟು ದೊಡ್ಡವಳಾಗುವ ತನಕ ಅಮ್ಮ ನನ್ನನ್ನು ಇಟ್ಟುಕೊಂಡಿದ್ದಳಾ? ಆ ಕತ್ತಲಲ್ಲಿ ನೋಡಿ ಹೇಳು. ಕೇಳೋಣವೆಂದರೆ ಇನ್ಯಾರೂ ಉಳಿದಿಲ್ಲ' ಎಂದು ಬರೆದಿದ್ದಳು. ನನ್ನ ಉತ್ತರ 'ಪ್ರೀತಿಯ ಅಕ್ಕನಿಗೆ' ಎಂಬಲ್ಲೇ ನಿಂತು ಎಷ್ಟೋ ಕಾಲವಾಗಿತ್ತು.

ಆ ಹಳೆಯ ಫೋಟೋವನ್ನು ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ, ಆದರೆ ಪರದೆಯ ಕಪ್ಪನ್ನು ನಾನು ನಂಬುವುದಿಲ್ಲ. ಅದರ ಬೆನ್ನಿಂದ ಬೆಳಕು ಸೋರುತ್ತಿರುತ್ತದೆ. ಹೊಳಪು ಹಾಳೆಯಲ್ಲಿ ಕಪ್ಪು ಬಾವಿಯಷ್ಟು ಆಳವಾಗಿ ಬಂತು. ಆದರೆ ಬಗ್ಗಿ ನೋಡಿದರೆ ನನ್ನದೇ ಮುಖ, ಹಿಂದೊಂದು ಕಿಟಕಿ. ಮ್ಯಾಟ್ ಹಾಳೆಯ ಕಪ್ಪಿಗೆ ಅಷ್ಟು ಆಳವಿಲ್ಲವಲ್ಲ ಎಂದು ಶಾಯಿ ಹೆಚ್ಚಿಸುತ್ತ ಹೋದೆ. ಬಾಗಿಲು ಗೋಡೆಯಾಯಿತು.

ಅವತ್ತು ಮೈದುನನ ಮಾತಿನ ಭರದಲ್ಲಿ ಒಂದು ಎಡವಟ್ಟಾಯಿತು. ಹಾಳೆಯ ಮೂಲೆಯನ್ನು ಒದ್ದೆ ಬೆರಳಿಂದ ಮುಟ್ಟಿ ನೋಡುವುದು ನಮ್ಮ ರೂಢಿ. ಶಾಯಿ ಹಿಡಿಯುವ ಲೇಪವಿರುವ ಮಗ್ಗುಲು ತುಸು ಅಂಟುತ್ತದೆ. ಮುಟ್ಟದೆ ಯಂತ್ರಕ್ಕೆ ಕೊಟ್ಟೆ. ಶಾಯಿ ಬೆನ್ನಿನ ಮಗ್ಗುಲಿಗೆ ಬಿದ್ದು, ಇಂಗಿ, ಕಪ್ಪೆಲ್ಲ ಬೂದಿ ಕಲಸಿದ ನೀರಾಗಿ ಹೊರಬಂತು.

"ಹೋಯ್ತು ಒಂದು ಹಾಳೆ," ಎಂದ ಮೈದುನ. "ಕೊಡಿ, ಟೀ ಲೋಟದ ಕೆಳಗೆ ಇಡ್ತೀನಿ."

"ತಾಳು."

ಆ ಬೂದಿಯಲ್ಲಿ ಒಂದು ಗೆರೆ ಇತ್ತು. ಅಮ್ಮನ ಮೊಣಕಾಲಿನ ಎತ್ತರದಲ್ಲಿ, ಬಾಗಿಲ ಒಳಕ್ಕೆ.

ಮತ್ತೊಂದು ಹಾಳೆ ತೆಗೆದು ಬೆರಳಿಟ್ಟು ನೋಡಿದೆ. ಶಾಯಿ ತಗ್ಗಿಸಿ ಕಪ್ಪನ್ನು ತುಸು ತೆರೆದೆ. ಅಂಚಿನಲ್ಲಿ ಕಪ್ಪಿನ ಚೌಕಗಳ ಸಾಲನ್ನೂ ಇಟ್ಟೆ, ಒಂದಕ್ಕಿಂತ ಒಂದು ಕೂದಲೆಳೆಯಷ್ಟು ಕಪ್ಪು. ಕೊನೆಯ ಚೌಕಗಳು ಒಂದರಲ್ಲೊಂದು ಮುಳುಗದಿದ್ದರೆ ಹಾಳೆ ಏನನ್ನೂ ಬಚ್ಚಿಟ್ಟಿಲ್ಲವೆಂದು ಅರ್ಥ. ಹೊರಬಂದ ಕೂಡಲೇ ನೋಡಲಿಲ್ಲ. ಒದ್ದೆ ಕಪ್ಪು ನಾಳೆ ಬರ್ತೀನಿ ಅನ್ನುವ ನೆಂಟನ ಹಾಗೆ, ಮಾತು ಉಳಿಸಿಕೊಳ್ಳುವುದಿಲ್ಲ. ಒಣಗಲು ಬಿಟ್ಟು ಉಂಡು ಬಂದೆ.

ಕಿಟಕಿಯ ಬೆಳಕಿಗೆ ಹಿಡಿದಾಗ ಚೌಕಗಳೆಲ್ಲ ಬೇರೆ ಬೇರೆ ನಿಂತಿದ್ದವು. ಈ ಕಪ್ಪು ನನ್ನ ಮುಖವನ್ನು ವಾಪಸು ಕೊಡಲಿಲ್ಲ. ಕಣ್ಣನ್ನು ಒಳಗೆ ಕರೆದುಕೊಂಡಿತು. ಹೊಸ್ತಿಲು ದಾಟಿದೆನೋ ಏನೋ. ಒಳಗೆ ತಂಪು. ಗೋಡೆಗೊರಗಿಸಿದ ಕೋಲು, ನೆಲದ ಮೇಲೊಂದು ಮಡಿಚಿದ ಚಾಪೆ, ಯಾರೋ ಉಸಿರು ಹಿಡಿದು ನಿಂತಂಥ ನಿಶ್ಶಬ್ದ. ನಾನು ಹುಟ್ಟುವ ಮುಂಚಿನ ಮನೆಯಲ್ಲಿ ಬರಿಗಾಲಲ್ಲಿ ನಿಂತಿದ್ದೆ.

ಅಲ್ಲಿ ಅಮ್ಮನ ಶಾಲು. ಒಂದು ತುದಿ ನೆಟ್ಟಗೆ ಇಳಿದಿತ್ತು. ಇನ್ನೊಂದು ಬೆನ್ನ ಹಿಂದೆ, ಓರೆಯಾಗಿ, ಕತ್ತಲೊಳಗೆ ಹೋಗಿತ್ತು. ತುದಿಯಲ್ಲಿ ಏನಿದೆಯೋ ಕಾಣದು.

"ಗಾಳಿ ಇರ್ಬೋದು ಅತ್ತಿಗೆ," ಎಂದ ಮೈದುನ, ಕನ್ನಡಕ ಒರೆಸಿಕೊಳ್ಳುತ್ತ.

"ಗಾಳಿಗೆ ಹಾರತ್ತೆ, ಸುಕ್ಕಾಗತ್ತೆ. ಇದು ನೋಡು, ಹಗ್ಗದ ಹಾಗೆ ಬಿಗಿದಿದೆ. ಅಮ್ಮನ ಹೆಗಲೂ ಆ ಕಡೆಗೇ ವಾಲಿದೆ."

ಅವನು ಬಹಳ ಹೊತ್ತು ನೋಡಿದ. ಈ ಸಲ ಹಾಸ್ಯ ಮಾಡಲಿಲ್ಲ. "ಯಾರೋ ಜಗ್ತಿದಾರೆ," ಎಂದ ಮೆಲ್ಲಗೆ. "ಗಿಡ್ಡದು ಯಾವುದೋ."

ಅಲ್ಲೇ ಕೂತು ಬರೆದೆ. 'ಅಕ್ಕಾ, ನಿನ್ನ ಮುಖ ಕಾಣಲಿಲ್ಲ. ಕೈಯೂ ಕಾಣಲಿಲ್ಲ. ಆದರೆ ಅಮ್ಮನ ಶಾಲನ್ನು ಮೊಣಕಾಲಿನ ಎತ್ತರದಿಂದ ಯಾರೋ ಹಿಡಿದೆಳೆದಿದ್ದಾರೆ, ಅಮ್ಮ ಬಿಡಿಸಿಕೊಂಡಿಲ್ಲ. ಆಗ ಆ ಮನೆಯಲ್ಲಿ ನಿನ್ನನ್ನು ಬಿಟ್ಟು ಬೇರೆ ಮಗುವಿರಲಿಲ್ಲ. ಕಿಟಕಿಯ ಹತ್ತಿರ ಕೂತು ನೋಡು, ದೀಪದಡಿ ಬೇಡ.'

ಮೈದುನ ಎರಡು ರಟ್ಟು ಕತ್ತರಿಸಿ ಕೊಟ್ಟ. ಚಿತ್ರವನ್ನೂ ಕಾಗದವನ್ನೂ ನಡುವೆ ಇಟ್ಟು ಕಟ್ಟಿದೆ. ಅಂಚೆ ಕಚೇರಿಯ ಕಿಟಕಿಯಲ್ಲಿ ಕೂತವಳು ಲಕೋಟೆಯನ್ನು ತಿರುಗಿಸಿ ನೋಡಿ, "ಮಡಚ್ಬಾರ್ದಾ ಅಜ್ಜಿ?" ಎಂದಳು.

"ಬೇಡಮ್ಮ, ಒಳಗೆ ಮಗುವಿದೆ," ಎಂದೆ.

ಅವಳು ನಕ್ಕು, ಮುದ್ರೆಯನ್ನು ಮೂಲೆಯಲ್ಲಿ ಹಗುರವಾಗಿ ಒತ್ತಿ, ಲಕೋಟೆಯನ್ನು ಹೊರಡುವ ಚೀಲದೊಳಗೆ ಇಳಿಸಿದಳು.