ಚೀಕುವಿಗೂ ಶಾಕವ್ರತ

ಕಣ್ಣು ಒಳಗೆ ಹೋಗಿದೆ, ನಿನ್ನೆ ಇಷ್ಟು ಹೋಗಿರಲಿಲ್ಲ, ಅಥವಾ ಸುಭದ್ರಮ್ಮ ನಿನ್ನೆ ನೋಡಿಯೇ ಇರಲಿಲ್ಲ — ಗಾಜಿನ ಪೆಟ್ಟಿಗೆಯಲ್ಲಿ ದೀಪದ ಕೆಳಗೆ ಚೀಕು ಹೊಟ್ಟೆಯೂರಿ ಬಿದ್ದಿದೆ, ಗಡ್ಡದ ಓತಿ, ಮೊಮ್ಮಗಳು ಸಿಂಚನಾ ಸೀರೆ ಡಿಸೈನಿನ ತರಬೇತಿಗೆಂದು ಸೂರತ್‌ಗೆ ಹೋಗುವಾಗ ಒಪ್ಪಿಸಿದ ಜೀವ, ಅಜ್ಜಿ, ಡೈಲಿ ಸೊಪ್ಪು, ನಡುವೆ ಹುಳು, ಬಟ್ಟಲಲ್ಲಿ ನೀರಿಟ್ರೆ ಅದಕ್ಕೆ ಗೊತ್ತಾಗಲ್ಲ, ಮೂತಿ ಮೇಲೆ ಡ್ರಾಪ್ ಡ್ರಾಪ್ ಬಿಡು, ನೆಕ್ಕತ್ತೆ, ಓಕೆ ನಾ — ಹೂಂ ಎಂದಿದ್ದರು. ಮರುದಿನವೇ ಶಾಕವ್ರತ ಹಿಡಿಯಿತು, ಚಾತುರ್ಮಾಸ್ಯದ ಮೊದಲ ತಿಂಗಳು, ಸೊಪ್ಪು ತರಕಾರಿ ತಿನ್ನಬಾರದು, ಮಾಧವರಾಯರು ತೀರಿಕೊಂಡ ಮೇಲಿನ ಮೊದಲ ವ್ರತ, ಅವರ ಸದ್ಗತಿಗಾಗಿ ಒಂದೆಳೆ ಕೊತ್ತಂಬರಿಯೂ ಈ ಹೊಸಿಲು ದಾಟಕೂಡದೆಂದು ಗಂಡನ ಪಟದ ಮುಂದೆ ನಿಂತು ತಾವೇ ಬಿಗಿಮಾಡಿಕೊಂಡ ನೇಮ, ಹುಳುಗಳ ಡಬ್ಬಿಯನ್ನು ಸೊಸೈಟಿಯ ತೋಟದಲ್ಲಿ ಸುರಿದು ಬಂದ ದಿನ ಪುಣ್ಯ ಬಂದಂತೆ ಮನಸ್ಸು ಹಗುರ, ಓತಿಗೆ ನೆನೆಸಿದ ಹೆಸರುಬೇಳೆ, ಬಟ್ಟಲಲ್ಲಿ ನೀರು, ಮೂತಿ ಮುಟ್ಟಿದರೆ ಮಡಿ ಕೆಡುತ್ತದೆ. ಎಂಟು ದಿನ. ಎಂಟು ದಿನವೂ ಫೋನು, ತಿಂತಾ ಅಜ್ಜಿ, ತಿಂತು ಕಣೆ, ಪಾಲಕ್ ಕೊಟ್ಯಾ, ಹೂಂ — ಕೈಯಲ್ಲಿ ಜಪಮಣಿ ಹಿಡಿದೇ ಹೇಳಿದ ಹೂಂ. ಬೇಳೆ ಹಾಗೇ ಒಣಗಿತ್ತು, ಬೆಳಿಗ್ಗೆ ಕೆಳಮನೆಯ ಗುಜರಾತಿ ಊರ್ಮಿಳಾಬೆನ್ ಬಗ್ಗಿ ನೋಡಿ ನಕ್ಕಳು, ಮಾಸೀ, ಎನೇ ಪಣ್ ಉಪವಾಸ್, ಇದಕ್ಕೂ ಉಪವಾಸವೇ ಎಂದು, ನಗುತ್ತಲೇ ಮುಖ ಸಣ್ಣಗಾಯಿತು ಅವಳದು, ಇದು ಸಾಯ್ತಾ ಇದೆ ಮಾಸೀ ಎಂದು ಹಿಂದಿಯಲ್ಲಿ ಹೇಳಿ ಇವರ ಮುಖ ನೋಡದೆ ಇಳಿದುಹೋದಳು.

ಯಾರ ಸದ್ಗತಿ, ಯಾರ ಹೊಟ್ಟೆ ಕಟ್ಟಿ. ರಾಯರೂ ಆ ಕೊನೆಯ ಬೆಳಿಗ್ಗೆ ನೀರು ಕೇಳಿದ್ದರು, ಸುಭದ್ರಾ, ಒಂದು ಗುಟುಕು, ಇರಿ, ಪೂಜೆ ಮುಗಿಯಲಿ, ತೀರ್ಥವನ್ನೇ ಕೊಡುತ್ತೇನೆ ಎಂದದ್ದು ಈ ಬಾಯಿ, ಮಂಗಳಾರತಿ ಮುಗಿಸಿ ಉದ್ಧರಣೆಯಲ್ಲಿ ತೀರ್ಥ ತಂದು ಬಿಟ್ಟಾಗ ತುಟಿಯ ಮೇಲೆ ಹನಿ ನಿಂತಿತ್ತು, ನಾಲಿಗೆ ಹೊರಗೆ ಬರಲಿಲ್ಲ, ಹನಿ ನಿಂತೇ ಇತ್ತು — ಅದೇ ಉದ್ಧರಣೆ ಈಗ ಕೈಯಲ್ಲಿ, ಮಡಿ ಹೋಗಲಿ, ವ್ರತ ಹೋಗಲಿ, ಒಂದು ಹನಿ, ಇನ್ನೊಂದು, ಇನ್ನೊಂದು ಕೈಯಲ್ಲಿ ಫೋನು, ಸಿಂಚನಾ, ನಾನು ಸುಳ್ಳು ಹೇಳಿದೆ, ಒಂದೆಲೆ ಸೊಪ್ಪೂ ಕೊಟ್ಟಿಲ್ಲ ಕಣೆ, ಆ ಕಡೆಯಿಂದ ಮೆಲ್ಲಗೆ, ನಾನ್ ಡಾಕ್ಟರ್‌ಗೆ ಫೋನ್ ಮಾಡ್ತೀನಿ, ನೀರು ಬಿಟ್ಯಾ, ಬಿಟ್ಟೆ, ನೆಕ್ತಾ ಅಜ್ಜಿ, ನಿಜ ಹೇಳು, ನೆಕ್ತಾ — ಹೂಂ ಎನ್ನಲು ಬಾಯಿ ಬಾರದು, ಮೂತಿಯ ಅಂಚಿನಲ್ಲಿ ಹನಿ ದುಂಡಗೆ ನಿಂತಿದೆ, ನಾಲಿಗೆ ಇನ್ನೂ ಬಂದಿಲ್ಲ, ಹನಿ, ಇನ್ನೂ ಇಲ್ಲ, ಹನಿ